ಸಮುದ್ರ ಆಮೇಲೆ, ಮೊದಲು ಮೋರಿ: ಗೋವಾದಲ್ಲಿ ಕ್ಯಾರವಾನ್ ನಿಲ್ಲಿಸಲು ಒಳ್ಳೆ ಜಾಗ ಆರಿಸುವುದು ಹೇಗೆ?

ಅವ್ವ ಸಮುದ್ರದಲ್ಲಿ ಕಾಲು ತೋಯಿಸಿಕೊಂಡು ಬಂದವಳು ಒದ್ದೆ ಬರಿಗಾಲಲ್ಲೇ ಕ್ಯಾರವಾನಿನ ಬಾಗಿಲಿಗೆ ಕೈ ಹಾಕಿದಳು. ಹಾಕಿದ ಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು. "ಯಪ್ಪಾ, ನಿನ್ನ ಗಾಡಿ ಕಡೀತೈತಿ ನೋಡೋ!" ನಾವೆಲ್ಲ ನಕ್ಕೆವು. ಭಾವ ಟೆಸ್ಟರ್ ತಂದು ಬಾಗಿಲ ಹಿಡಿಕೆಗೆ ಹಿಡಿದ. ಸಣ್ಣ ಕೆಂಪು ದೀಪ ಹೊತ್ತಿಕೊಂಡಿತು. ಅಲ್ಲಿಗೆ ನಗು ನಿಂತಿತು.

ದಕ್ಷಿಣ ಗೋವಾದ ಆ ಜಾಗ ನೋಡಲು ಭಾರಿ ಚೆಂದ ಇತ್ತು. ಎದುರಿಗೆ ನೀರು, ಎರಡು ತೆಂಗಿನ ನಡುವೆ ಜೋಲಿ, ಸಂಜೆಗೆ ಬಣ್ಣದ ದೀಪ. ನಾವು ದುಡ್ಡು ಕೊಟ್ಟಿದ್ದೇ ಆ ಫೋಟೋ ನೋಡಿ. ಆದರೆ ಅವರು ಕೊಟ್ಟ ಪ್ಲಗ್ಗಿಗೆ ಅರ್ಥಿಂಗ್ ಇರಲಿಲ್ಲ. ಮೂರು ತೂತಿನ ಸಾಕೆಟ್ ಏನೋ ಇತ್ತು, ಮೇಲಿನ ದೊಡ್ಡ ತೂತಿಗೆ ಹಿಂದೆ ವೈರೇ ಇಲ್ಲ.

ಆವತ್ತಿನಿಂದ ನಾನು ಜಾಗ ನೋಡುವ ಕ್ರಮ ತಿರುಗುಮುರುಗಾಗಿದೆ. ಮೊದಲು ಪ್ಲಗ್ಗು, ಆಮೇಲೆ ಮೋರಿ, ಆಮೇಲೆ ನೆಲ. ಸಮುದ್ರ ಎಲ್ಲಿಗೂ ಓಡಿಹೋಗಲ್ಲ, ಕೊನೆಗೆ ನೋಡಿದರಾಯಿತು. ನಾವು ವಾಸ್ಕೋದಲ್ಲಿ ಇರುವವರು, ಮೂಲ ಧಾರವಾಡ ಕಡೆ. ಭಾವನದು ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿಸಿದ ಕ್ಯಾರವಾನ್, ಅಂದರೆ ಮಲಗಲು, ಅಡುಗೆಗೆ, ಟಾಯ್ಲೆಟ್‌ಗೆ ಎಲ್ಲ ಒಳಗೇ ಜಾಗ ಇರುವ ಗಾಡಿ. ಹುಬ್ಬಳ್ಳಿ, ಬೆಳಗಾವಿ, ಪುಣೆಯಿಂದ ಬರುವ ನೆಂಟರಿಷ್ಟರು "ಎಲ್ಲಿ ಗಾಡಿ ಹಚ್ಚೋಣ?" ಅಂತ ಕೇಳುತ್ತಲೇ ಇರುತ್ತಾರೆ. ಪ್ರತಿ ಸಲ ಫೋನಲ್ಲಿ ಹೇಳಿ ಹೇಳಿ ಸಾಕಾಗಿ, ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಮೊದಲು ಇದೊಂದು ಗೊತ್ತಿರಲಿ

ಹೊರದೇಶಗಳಲ್ಲಿ ಇರುವ ಹಾಗೆ ನಂಬರು ಬರೆದ ಜಾಗ, ಪ್ರತಿ ಜಾಗಕ್ಕೂ ಒಂದು ಕರೆಂಟ್ ಕಂಬ, ಒಂದು ನಲ್ಲಿ, ಹೀಗೆ ಕ್ಯಾರವಾನಿಗೆಂದೇ ಕಟ್ಟಿದ ಪಾರ್ಕ್ ನಮ್ಮಲ್ಲಿ ಕಡಿಮೆ. ಕಾಗದದ ಮೇಲೆ ಕೆಲಸ ಆಗಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2010ರಲ್ಲೇ ಕ್ಯಾರವಾನ್ ಮತ್ತು ಕ್ಯಾರವಾನ್ ಪಾರ್ಕ್‌ಗಳಿಗೆ ಅಂತ ನೀತಿ ತಂದಿತ್ತು. ಪಕ್ಕದ ಮಹಾರಾಷ್ಟ್ರ 2021ರಲ್ಲಿ ತನ್ನದೇ ನೀತಿ ಮಾಡಿತು. ಆದರೂ ನಿಮಗೆ ಸಿಗುವುದು ಹೆಚ್ಚಾಗಿ ರೆಸಾರ್ಟಿನ ಹಿತ್ತಲು, ಹೋಂಸ್ಟೇ ಅಂಗಳ, ಇಲ್ಲ ಯಾರದೋ ಗೇರುತೋಟ. ಅಂದರೆ ಒಳ್ಳೆಯದು, ಕೆಟ್ಟದ್ದು ನೀವೇ ನೋಡಿ ಆರಿಸಬೇಕು.

"ಬೀಚ್ ಪಕ್ಕ ಸುಮ್ನೆ ನಿಲ್ಲಿಸಿದರೆ ಆಗಲ್ವಾ?" ಅಂತ ಕೇಳುವವರು ಜಾಸ್ತಿ. ಆಗಲ್ಲ. ಗೋವಾದ ಮರಳಿನ ಮೇಲೆ ಗಾಡಿ ಇಳಿಸುವುದಕ್ಕೆ ನಿಷೇಧ ಇದೆ. ಪ್ರವಾಸಿ ತಾಣಗಳಲ್ಲಿ ಬಯಲಲ್ಲಿ ಅಡುಗೆ ಮಾಡುವುದು, ಕುಡಿಯುವುದು ಎರಡಕ್ಕೂ 2019ರ ಕಾಯ್ದೆ ತಿದ್ದುಪಡಿ ಆದ ಮೇಲೆ ದಂಡ ಬೀಳುತ್ತದೆ. ಒಲೆ ಹಚ್ಚಿ ಒಗ್ಗರಣೆ ಹಾಕುವಷ್ಟರಲ್ಲಿ ಪೊಲೀಸರು ಬಂದರೆ ಊಟದ ರುಚಿಯೇ ಹೋಗುತ್ತದೆ. ಅಡುಗೆ ಮಾಡಲು ಒಂದು ಖಾಸಗಿ ಅಂಗಳ ಬೇಕೇ ಬೇಕು.

ಹೊರಡುವ ಮೊದಲು ಫೋನಲ್ಲಿ ಕೇಳುವುದು

ಫೋಟೋ ಕೇಳಬೇಡಿ, ವಿಡಿಯೋ ಕೇಳಿ. ಗೇಟಿನಿಂದ ಶುರುಮಾಡಿ ಗಾಡಿ ನಿಲ್ಲುವ ಜಾಗದವರೆಗೆ ನಡೆಯುತ್ತಾ ತೆಗೆದ ಒಂದು ನಿಮಿಷದ ವಿಡಿಯೋ ಸಾಕು. ಗೇಟಿಗೆ ಕಮಾನು ಇದೆಯಾ, ಟೊಂಗೆ ಎಷ್ಟು ಕೆಳಗಿದೆ, ತಲೆ ಮೇಲೆ ವೈರ್ ಹಾದುಹೋಗಿದೆಯಾ, ಎಲ್ಲ ಅದರಲ್ಲೇ ಕಾಣುತ್ತದೆ.

ನಿಮ್ಮ ಗಾಡಿಯ ಎತ್ತರ ನಿಮಗೆ ಗೊತ್ತಿರಬೇಕು. ಆರ್‌ಸಿ ನೋಡಿ ಹೇಳುವುದಲ್ಲ, ಮೇಲೆ ಕೂರಿಸಿದ ಎಸಿ, ಸೋಲಾರ್ ಪ್ಯಾನೆಲ್ ಸೇರಿಸಿ ಟೇಪಲ್ಲಿ ಅಳೆದದ್ದು. ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಡ್ರೈವರ್ ಕಣ್ಣ ಮುಂದೆ ಅಂಟಿಸಿ. ನಮ್ಮ ಗಾಡಿಯಲ್ಲಿ ಅದು ಗಣಪತಿ ಪಕ್ಕದಲ್ಲೇ ಇದೆ.

ದಾರಿಯನ್ನೂ ಕೇಳಿ. ಗೋವಾದ ಹಳ್ಳಿದಾರಿಗಳು ಎರಡೂ ಕಡೆ ಚಿರೇಕಲ್ಲಿನ ಗೋಡೆ ಹೊತ್ತು ನಿಂತಿರುತ್ತವೆ. ಮ್ಯಾಪ್ ನಿಮ್ಮನ್ನು ಸ್ಕೂಟರ್ ಅಂದುಕೊಂಡು ಒಳಗೆ ಕಳಿಸುತ್ತದೆ, ಹಿಂದಕ್ಕೆ ಬರಲು ಆಗಲ್ಲ. "ಗ್ಯಾಸ್ ಲಾರಿ ಬರುತ್ತಾ?" ಅಂತ ಕೇಳುವುದು ನನ್ನ ಅಭ್ಯಾಸ. ಲಾರಿ ಬರುವ ದಾರಿ ಇದ್ದರೆ ನಮಗೂ ಚಿಂತೆಯಿಲ್ಲ. ಕರ್ನಾಟಕದಿಂದ ಬರುವವರಿಗೆ ರಾಮನಗರ, ಅನಮೋಡ, ಮೊಲ್ಲೆಂ ದಾರಿ ಇದೆ, ಬೆಳಗಾವಿಯಿಂದ ಚೋರ್ಲಾ ಘಾಟ್ ಇದೆ, ಕಾರವಾರ ಕಡೆಯಿಂದ ಆದರೆ 66ನೇ ಹೆದ್ದಾರಿ. ತಿಲಾರಿ ಘಾಟ್ ಕಡೆ ಮಾತ್ರ ಕ್ಯಾರವಾನ್ ತಿರುಗಿಸಬೇಡಿ. ಆ ಇಳಿಜಾರಲ್ಲಿ ಕಾರಿನ ಬ್ರೇಕೇ ವಾಸನೆ ಬರುತ್ತದೆ.

ಮತ್ತೆ ಮೂರು ಪ್ರಶ್ನೆ: ಪ್ಲಗ್ ಎಷ್ಟು ಆಂಪಿಯರಿನದು? ಟಾಯ್ಲೆಟ್ ಡಬ್ಬ ಎಲ್ಲಿ ಖಾಲಿ ಮಾಡಬೇಕು? ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ? ಗೋವಾದಲ್ಲಿ ಇಂಥ ನೋಂದಣಿಗೆ 1982ರಿಂದಲೇ ಕಾಯ್ದೆ ಇದೆ. ಮೂರನೆಯ ಪ್ರಶ್ನೆಗೆ ಕೆಲವರು ನುಣುಚಿಕೊಳ್ಳುತ್ತಾರೆ. ಎರಡನೆಯದಕ್ಕೆ "ಅದೆಲ್ಲ ನೋಡ್ಕೊಳ್ಳೋಣ ಬನ್ನಿ ಸಾರ್" ಅಂದರೆ ಫೋನ್ ಇಟ್ಟುಬಿಡಿ.

ನಾಲ್ಕು ಗಂಟೆಯೊಳಗೆ ಮುಟ್ಟಿ, ಗಾಡಿ ಹೊರಗೆ ನಿಲ್ಲಿಸಿ ಒಳಗೆ ನಡೆಯಿರಿ

ಕತ್ತಲಲ್ಲಿ ಎಲ್ಲ ನೆಲವೂ ಸಮತಟ್ಟಾಗಿಯೇ ಕಾಣುತ್ತದೆ. ಬೆಳಕಿರುವಾಗ ಹೋಗಿ, ದುಡ್ಡು ಕೊಡುವ ಮೊದಲು ಒಂದು ಸುತ್ತು ಹಾಕಿ.

ನೆಲಕ್ಕೆ ಹಿಮ್ಮಡಿ ಒತ್ತಿ ನೋಡಿ. ಹಿಮ್ಮಡಿ ಇಳಿದರೆ ಚಕ್ರವೂ ಇಳಿಯುತ್ತದೆ. ಮೂರು ಟನ್ ಮೀರಿದ ಗಾಡಿ ಮೃದು ಮರಳಲ್ಲಿ ರಾತ್ರಿಯೆಲ್ಲ ನಿಂತರೆ ಬೆಳಿಗ್ಗೆ ಟ್ರ್ಯಾಕ್ಟರ್ ಹುಡುಕಬೇಕು. ಒಳ್ಳೆ ಜಾಗ ಅಂದರೆ ಜಲ್ಲಿ ಹಾಕಿ ಗಟ್ಟಿ ಮಾಡಿದ್ದು, ಇಲ್ಲ ಕೆಂಪುಕಲ್ಲಿನ ಗಟ್ಟಿ ನೆಲ. ಹಸಿರು ಹುಲ್ಲು ನೋಡಿ ಮರುಳಾಗಬೇಡಿ. ಅದರ ಕೆಳಗೆ ಏನಿದೆ ಅಂತ ಮಳೆ ಬಂದಾಗಲೇ ಗೊತ್ತಾಗುವುದು.

ಮಳೆಯ ವಿಷಯ ಬಂತು. ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುವ ಮಳೆ ಹತ್ತಿರ ಹತ್ತಿರ 3000 ಮಿ.ಮೀ. ಧಾರವಾಡದವರಿಗೆ ಇದು ಊಹೆಗೂ ಸಿಗಲ್ಲ. ಆ ತಿಂಗಳುಗಳಲ್ಲಿ ಬರುವುದಾದರೆ ಕೇಳಬೇಕಾದ ಮಾತು: "ಇದು ಖಾಜನ್ ಜಾಗಾನಾ?" ಖಾಜನ್ ಅಂದರೆ ಹೊಳೆಯ ಅಂಚಿನಲ್ಲಿ ಒಡ್ಡು ಕಟ್ಟಿ, ಉಪ್ಪುನೀರು ಒಳಗೆ ಬಾರದ ಹಾಗೆ ತೂಬಿನ ಬಾಗಿಲು ಇಟ್ಟು, ಹಿಂದಿನವರು ಬತ್ತಕ್ಕೆ ಅಂತ ಮಾಡಿಕೊಂಡ ತಗ್ಗುನೆಲ. ಸಮುದ್ರ ಉಬ್ಬಿದಾಗ ನೀರಿನ ಮಟ್ಟ ಆ ನೆಲಕ್ಕಿಂತ ಮೇಲಿರುತ್ತದೆ. ಬೇಸಿಗೆಯಲ್ಲಿ ಒಣಗಿ ಬಯಲಾಗಿ ಕಾಣುತ್ತದೆ, ಯಾರೋ ಒಬ್ಬರು ಅಲ್ಲೇ ಪಾರ್ಕಿಂಗ್ ಅಂತ ಹಗ್ಗ ಕಟ್ಟಿರುತ್ತಾರೆ. ಮಳೆಗಾಲದಲ್ಲಿ ಅಲ್ಲಿ ನಿಲ್ಲಿಸಿದರೆ ಗಾಡಿ ದೋಣಿ ಆಗುತ್ತದೆ.

ಇನ್ನು ತೆಂಗು. ಹೋದ ವರ್ಷ ಒಂದು ತೋಟದಲ್ಲಿ ನೆರಳು ನೋಡಿ ಖುಷಿಯಿಂದ ಗಾಡಿ ಒಳಗೆ ತರುತ್ತಿದ್ದೆವು. ಕಾವಲಿಗೆ ಇದ್ದವರು ನಮ್ಮ ನಂಬರ್ ಪ್ಲೇಟ್ ನೋಡಿಲ್ಲ, ಅವ್ವ ಮಾತಾಡಿದ್ದು ಕೇಳಿಸಿಕೊಂಡರು. ಗದಗ ಕಡೆಯವರು. ಓಡಿಬಂದು ಕೈ ಅಡ್ಡ ಹಿಡಿದರು. "ಅಣ್ಣಾರ, ಆ ಗಿಡದ ಕೆಳಗ ಹಚ್ಚಬ್ಯಾಡ್ರಿ. ಕಾಯಿ ಕೆಡವಿ ಮೂರು ತಿಂಗಳಾತು." ತೆಂಗಿನಕಾಯಿಗೆ ಕಣ್ಣಿದೆ, ಮನುಷ್ಯರ ತಲೆ ಮೇಲೆ ಬೀಳಲ್ಲ ಅಂತಾರಲ್ವಾ? ಇರಬಹುದು. ಸೋಲಾರ್ ಪ್ಯಾನೆಲ್ ಮೇಲೆ ಬೀಳಬಾರದು ಅಂತ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಒಣಗಿದ ಗರಿಯೊಂದು ಬಿದ್ದರೂ ಸಾಕು, ಗಾಳಿಕಿಂಡಿಯ ಪ್ಲಾಸ್ಟಿಕ್ ಮುಚ್ಚಳ ಒಡೆಯುತ್ತದೆ. ನೆರಳಿಗೆ ಮಾವು, ಹಲಸು ವಾಸಿ, ಅದೂ ಗಾಡಿಯ ಪಶ್ಚಿಮಕ್ಕೆ ಇದ್ದರೆ. ಬೆಳಗಿನ ಬಿಸಿಲು ಪ್ಯಾನೆಲ್‌ಗೆ ಸಿಗುತ್ತದೆ, ಮಧ್ಯಾಹ್ನದ ಮೇಲಿನ ಸುಡುಬಿಸಿಲು ಮರಕ್ಕೆ ಹೋಗುತ್ತದೆ.

ಮಟ್ಟ ನೋಡಲು ಸ್ಟೀಲ್ ತಾಟಿನಲ್ಲಿ ಎರಡು ಲೋಟ ನೀರು ಹಾಕಿ ಗಾಡಿಯ ಒಳಗೆ ನೆಲದ ಮೇಲಿಡಿ. ನೀರು ಒಂದೇ ಕಡೆ ಸರಿದರೆ ಆ ಕಡೆಯ ಚಕ್ರದ ಕೆಳಗೆ ಹಲಗೆ ಕೊಡಿ. ಓರೆ ನಿಂತರೆ ನಿದ್ದೆಯಲ್ಲಿ ಉರುಳಿ ಗೋಡೆಗೆ ಹೋಗುವುದಷ್ಟೇ ಅಲ್ಲ, ಸಿಂಕಿನ ನೀರು ಇಳಿಯಲ್ಲ. ಗ್ಯಾಸಲ್ಲೂ ಓಡುವ ಹಳೆ ಮಾದರಿಯ ಫ್ರಿಜ್ ಇದ್ದರೆ ಅದು ತಂಪೇ ಮಾಡಲ್ಲ. ಅದರೊಳಗಿನ ದ್ರವ ತನ್ನ ಭಾರದಿಂದಲೇ ಹರಿಯಬೇಕು. ಕಂಪ್ರೆಸರ್ ಇರುವ ಫ್ರಿಜ್ಜಿಗೆ ಈ ತಕರಾರು ಕಡಿಮೆ.

ಪ್ಲಗ್ಗು: ಇಲ್ಲಿ ಅರ್ಧ ಗಂಟೆ ಹೋದರೂ ಪರವಾಗಿಲ್ಲ

ಅವ್ವನ ಕೈಗೆ ಆವತ್ತು ಯಾಕೆ ಹೊಡೆಯಿತು? ಗಾಡಿಯ ಒಳಗಿನ ಚಾರ್ಜರ್, ಇನ್ವರ್ಟರ್, ಎಸಿ, ಇವೆಲ್ಲದರಿಂದ ಒಂಚೂರು ಕರೆಂಟ್ ಲೋಹದ ಮೈಗೆ ಸೋರುತ್ತಲೇ ಇರುತ್ತದೆ. ಅರ್ಥಿಂಗ್ ಇದ್ದರೆ ಅದು ಸದ್ದಿಲ್ಲದೆ ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಗಾಡಿ ರಬ್ಬರ್ ಚಕ್ರದ ಮೇಲೆ ನಿಂತಿರುತ್ತದೆ, ಕರೆಂಟಿಗೆ ದಾರಿ ಇಲ್ಲ. ಒದ್ದೆ ಕಾಲಿನ ಮನುಷ್ಯ ಬಂದು ಮುಟ್ಟಿದರೆ ಅವನೇ ದಾರಿ. ಸೋರಿಕೆ ಸಣ್ಣದಿದ್ದರೆ ಚುರ್ರ್ ಅನ್ನುತ್ತದೆ. ಒಳಗೆ ಯಾವುದೋ ವೈರ್ ಸಿಪ್ಪೆ ಸುಲಿದು ಮೈಗೆ ತಾಗಿದ್ದರೆ ಜೀವವೇ ಹೋಗುತ್ತದೆ.

ಅದಕ್ಕೆ ಹೀಗೆ ಮಾಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೂರು ಪಿನ್ನಿನ ಸಾಕೆಟ್ ಟೆಸ್ಟರ್ ಸಿಗುತ್ತದೆ, ಕೆಲವೇ ನೂರು ರೂಪಾಯಿ. ಪ್ಲಗ್ಗಿಗೆ ಚುಚ್ಚಿದರೆ ಮೂರು ದೀಪ. ಯಾವ ದೀಪ ಹೊತ್ತಿದರೆ ಏನು ಅಂತ ಅದರ ಮೇಲೇ ಬರೆದಿರುತ್ತದೆ. ಅರ್ಥ್ ಇಲ್ಲ ಅಂತ ತೋರಿಸಿದರೆ ಆ ಪ್ಲಗ್ಗಿಗೆ ನಿಮ್ಮ ಗಾಡಿ ಜೋಡಿಸಲೇಬೇಡಿ. "ಇಷ್ಟು ದಿನ ಯಾರಿಗೂ ಏನೂ ಆಗಿಲ್ಲ" ಅಂತ ಹೇಳುತ್ತಾರೆ. ನಮಗೂ ಹೇಳಿದ್ದರು.

ಆಮೇಲೆ ಕಂಬದ ಪೆಟ್ಟಿಗೆ ತೆರೆಸಿ ನೋಡಿ. ಅಲ್ಲಿ ಎಂಸಿಬಿ ಇರುತ್ತದೆ, ಅದು ವೈರ್ ಸುಡದ ಹಾಗೆ ನೋಡಿಕೊಳ್ಳುವುದು. ನಿಮ್ಮನ್ನು ಕಾಯುವುದು ಅದರ ಪಕ್ಕದ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ. ಮೇಲೆ 30 ಎಂಎ (ಮಿಲಿಆಂಪಿಯರ್) ಅಂತ ಬರೆದಿರಬೇಕು, ಒಂದು ಸಣ್ಣ ಟೆಸ್ಟ್ ಗುಂಡಿ ಇರಬೇಕು. ಮಾಲೀಕರ ಎದುರೇ ಗುಂಡಿ ಒತ್ತಿ. ಟಪ್ ಅಂತ ಬಿದ್ದರೆ ಕೆಲಸ ಮಾಡುತ್ತಿದೆ. ಒತ್ತಿದರೂ ಬೀಳದಿದ್ದರೆ ಅದು ಅಲಂಕಾರಕ್ಕೆ ಇಟ್ಟದ್ದು.

ಲೆಕ್ಕ ಒಂದು ಗೊತ್ತಿರಲಿ. 16 ಆಂಪಿಯರ್ ಪ್ಲಗ್, 230 ವೋಲ್ಟ್, ಗುಣಿಸಿದರೆ 3680 ವ್ಯಾಟ್. ಒಂದು ಟನ್ ಎಸಿ ಸುಮಾರು 1200. ಇಂಡಕ್ಷನ್ ಒಲೆ ಪೂರ್ತಿ ಇಟ್ಟರೆ 2000. ಚಹಾದ ಕೆಟಲ್ 1500. ಮೂರನ್ನೂ ಒಟ್ಟಿಗೆ ಹಾಕಿದಿರೋ, ಕತ್ತಲು. ಮನೆಯ 6 ಆಂಪಿಯರ್ ಪ್ಲಗ್ಗಿಂದ ಎಳೆದುಕೊಟ್ಟರೆ ಫ್ಯಾನು, ಲೈಟು, ಫ್ರಿಜ್ಜು, ಮೊಬೈಲ್, ಅಷ್ಟೇ. ಎಸಿ ಕನಸು ಬಿಡಿ. ಹಾಗೇ, ನಾಲ್ಕು ಗಾಡಿಗೆ ನಾಲ್ಕು ಸಾಕೆಟ್ ಕಂಡರೂ ಹಿಂದೆ ಬರುವ ಲೈನ್ ಒಂದೇ ಇರಬಹುದು. ಸಂಜೆ ಏಳಕ್ಕೆ ಎಲ್ಲರೂ ಎಸಿ ಹಾಕಿದಾಗ ವೋಲ್ಟೇಜ್ ಕುಸಿದು ಕಂಪ್ರೆಸರ್ ಗೊಣಗಲು ಶುರು ಮಾಡುತ್ತದೆ. ಗಾಡಿಯಲ್ಲಿ ವೋಲ್ಟೇಜ್ ತೋರಿಸುವ ಸಣ್ಣ ಮೀಟರ್ ಹಾಕಿಸಿ. 200ಕ್ಕಿಂತ ಕೆಳಗೆ ಹೋದರೆ ನಾವು ಎಸಿ ಆರಿಸಿ ಕಿಟಕಿ ತೆಗೆಯುತ್ತೇವೆ.

ನಿಮ್ಮ ಕಡೆಯಿಂದಲೂ ತಪ್ಪಾಗಬಾರದು. ವೈರ್ ಸುರುಳಿಯನ್ನು ಪೂರ್ತಿ ಬಿಚ್ಚಿ, ಹತ್ತು ಅಡಿಯೇ ಬೇಕಿದ್ದರೂ. ಸುತ್ತಿದ ಹಾಗೇ ಎಸಿ ಓಡಿಸಿದರೆ ಒಳಗಿನ ಸುತ್ತುಗಳು ಬಿಸಿಯಾಗಿ ಸಿಪ್ಪೆ ಕರಗುತ್ತದೆ. ದಪ್ಪನೆಯ 2.5 ಚದರ ಎಂಎಂ ವೈರ್ ಇರಲಿ, ಮದುವೆ ಮನೆಯ ಲೈಟಿನ ಸಪೂರ ವೈರ್ ಬೇಡ. ಜೋಡಿಸಿದ ಜಾಗ ನೆಲದ ಮೇಲೆ ಬೀಳದಿರಲಿ, ಇಬ್ಬನಿಯೂ ನೀರೇ.

ನೀರು

ಒಂದು ಚಹಾ ಮಾಡಿ ಕುಡಿಯಿರಿ. ಸಮುದ್ರದ ಹತ್ತಿರದ ಬಾವಿಗಳು ಏಪ್ರಿಲ್, ಮೇ ಹೊತ್ತಿಗೆ ಉಪ್ಪಾಗುತ್ತವೆ, ಹಾಲು ಹಾಕಿದ ಚಹಾದಲ್ಲೂ ಗೊತ್ತಾಗುತ್ತದೆ. ಸೋಪು ನೊರೆ ಬಾರದಿದ್ದರೂ ಅದೇ ಗುರುತು. ಅಂಥ ನೀರು ಟ್ಯಾಂಕಿಗೆ ತುಂಬಿದರೆ ಪಂಪ್, ಗೀಸರ್ ಬೇಗ ಹಾಳು. ದಕ್ಷಿಣ ಗೋವಾದ ಬಹಳ ಕಡೆ ಸಾಳಾವಳಿ ಅಣೆಕಟ್ಟಿನ ನಲ್ಲಿನೀರು ಬರುತ್ತದೆ, ಅದು ಇದ್ದರೆ ಆರಾಮ. ಆದರೆ ದಿನಕ್ಕೆ ಎಷ್ಟು ಹೊತ್ತು ಬರುತ್ತದೆ ಅಂತ ಕೇಳಿಕೊಳ್ಳಿ. ಕುಡಿಯುವ ನೀರಿಗೆ ನಿಮ್ಮದೇ ಪೈಪ್ ತನ್ನಿ. ಅಲ್ಲಿ ನಲ್ಲಿಗೆ ಸಿಕ್ಕಿಸಿಟ್ಟ ಹಸಿರು ಪೈಪ್ ಬೆಳಿಗ್ಗೆ ಯಾರು ಯಾವುದಕ್ಕೆ ಬಳಸಿದ್ದಾರೋ ದೇವರಿಗೇ ಗೊತ್ತು.

ಮೋರಿ: ಯಾರೂ ಮಾತಾಡದ ವಿಷಯ

ಮುಜುಗರ ಪಟ್ಟುಕೊಂಡರೆ ಮೂರನೆಯ ದಿನ ಕಷ್ಟ. ಕ್ಯಾರವಾನಿನ ಟಾಯ್ಲೆಟ್ ಕೆಳಗೆ ಸುಮಾರು 20 ಲೀಟರ್ ಹಿಡಿಯುವ ಡಬ್ಬ ಇರುತ್ತದೆ. ನಾಲ್ಕು ಜನ ಇದ್ದರೆ ಎರಡು ದಿನಕ್ಕೆ ತುಂಬಿತು. ಅದನ್ನು ಹೊರಗೆಳೆದು, ಸೂಟ್‌ಕೇಸಿನ ಹಾಗೆ ಉರುಳಿಸಿಕೊಂಡು ಹೋಗಿ ಖಾಲಿ ಮಾಡಬೇಕು. ಎಲ್ಲಿ?

ಸರಿಯಾದ ಪಾರ್ಕಿನಲ್ಲಿ ಅದಕ್ಕೇ ಒಂದು ಜಾಗ ಇರುತ್ತದೆ. ಸೊಂಟದ ಎತ್ತರಕ್ಕೆ ಅಗಲ ಬಾಯಿಯ ತೊಟ್ಟಿ, ಇಲ್ಲ ನೆಲಮಟ್ಟದಲ್ಲಿ ಮುಚ್ಚಳ ಇರುವ ಕುಳಿ. ಸುತ್ತ ಇಳಿಜಾರು ಸಿಮೆಂಟು, ತೊಳೆಯಲು ಬೇರೆಯದೇ ನಲ್ಲಿ, ಕೈ ತೊಳೆಯಲು ಸೋಪು. ಕುಡಿಯುವ ನೀರಿನ ನಲ್ಲಿಗೂ ಇದಕ್ಕೂ ಸಾಕಷ್ಟು ದೂರ. ಅಲ್ಲಿಂದ ಪೈಪ್ ಸೆಪ್ಟಿಕ್ ಟ್ಯಾಂಕಿಗೆ ಹೋಗಿರಬೇಕು. ಟ್ಯಾಂಕ್ ಎಲ್ಲಿದೆ ಅಂತ ತೋರಿಸಲು ಹೇಳಿ. ಬಾವಿ ಎಲ್ಲಿದೆ ಅಂತಲೂ ನೋಡಿ. ಟ್ಯಾಂಕ್ ಮೇಲ್ಗಡೆ, ಬಾವಿ ಕೆಳಗಡೆ ಇದ್ದರೆ ನಾನು ಅಲ್ಲಿನ ನೀರು ಮುಟ್ಟುವುದಿಲ್ಲ. ಕೆಂಪುಕಲ್ಲಿನ ತುಂಬ ತೂತು, ಕೊಳಕು ನೀರು ಅದರಲ್ಲಿ ಬೇಗ ಜಾರಿ ಬಾವಿ ಸೇರುತ್ತದೆ.

ಹೆಚ್ಚಿನ ಕಡೆ ಇಷ್ಟೆಲ್ಲ ಇರುವುದಿಲ್ಲ. ಆಗ ಮಾಲೀಕರನ್ನು ಕೇಳಿ ಅವರ ಮಾಮೂಲಿ ಕಕ್ಕಸಿಗೇ ನಿಧಾನಕ್ಕೆ ಸುರಿಯಬಹುದು, ಬೆಳಿಗ್ಗೆ ಹನ್ನೊಂದರ ಮೇಲೆ, ಜನ ಇಲ್ಲದ ಹೊತ್ತಲ್ಲಿ. ಆದರೆ ವಾಸನೆ ಬಾರದಿರಲಿ ಅಂತ ಡಬ್ಬಕ್ಕೆ ಹಾಕುವ ನೀಲಿ ದ್ರವದ ಬಗ್ಗೆ ಅವರಿಗೆ ಹೇಳಿಯೇ ಸುರಿಯಿರಿ. ಫಾರ್ಮಾಲ್ಡಿಹೈಡ್ ಇರುವ ದ್ರವ ವಾಸನೆ ಜೊತೆಗೆ ಸೆಪ್ಟಿಕ್ ಟ್ಯಾಂಕಿನ ಒಳ್ಳೆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ನಾಲ್ಕು ಗಾಡಿ ಒಂದು ವಾರ ಸುರಿದರೆ ಪಾಪ, ಅವರ ಮನೆ ಮುಂದೆ ನಿಲ್ಲಲಾಗದ ನಾತ. ಸೆಪ್ಟಿಕ್ ಟ್ಯಾಂಕಿಗೆ ಆಗುತ್ತದೆ ಅಂತ ಬರೆದಿರುವ ದ್ರವವನ್ನೇ ಕೊಳ್ಳಿ. ಹೊಳೆ, ಗದ್ದೆ, ರಸ್ತೆ ಬದಿಯ ಗಟಾರ, ಯಾವುದಕ್ಕೂ ಸುರಿಯಬೇಡಿ. ಹಾಗೆ ಮಾಡಿದವರೊಬ್ಬರ ದೆಸೆಯಿಂದ ಒಂದು ಊರಿನವರು ಯಾವ ಕ್ಯಾರವಾನನ್ನೂ ಒಳಗೆ ಬಿಡದ ಹಾಗೆ ಆಗಿದ್ದನ್ನು ನಾನೇ ನೋಡಿದ್ದೇನೆ.

ಪಾತ್ರೆ ತೊಳೆದ ನೀರು ಬೇರೆ. ಅದನ್ನು ಬಕೆಟ್‌ನಲ್ಲಿ ಹಿಡಿದು, ಅನ್ನದ ಅಗಳು ಸೋಸಿ, ಕೇಳಿಕೊಂಡು ತೆಂಗಿನ ಬುಡಕ್ಕೆ ಹಾಕಬಹುದು. ಗಾಡಿ ಕೆಳಗೆ ಸುಮ್ನೆ ಹರಿಯಲು ಬಿಟ್ಟರೆ ಸಂಜೆಗೆ ಸೊಳ್ಳೆ, ರಾತ್ರಿಗೆ ಇಲಿ, ಇಲಿಯ ಹಿಂದೆ ಹಾವು.

ಬಚ್ಚಲು

ಬಾಗಿಲ ಚಿಲಕ, ಬಟ್ಟೆ ನೇತುಹಾಕಲು ಗೂಟ, ರಾತ್ರಿ ದಾರಿಯಲ್ಲಿ ಬೆಳಕು. ಇಷ್ಟು ನೋಡಿ. ಗೂಟ ಇಲ್ಲದ ಬಚ್ಚಲು ಕಟ್ಟಿದವರು ಅಲ್ಲಿ ಒಮ್ಮೆಯೂ ಸ್ನಾನ ಮಾಡಿರಲ್ಲ ಅಂತ ನನ್ನ ಹೆಂಡತಿಯ ವಾದ. ಹಿರಿಯರು ಜೊತೆಗಿದ್ದರೆ ಕಮೋಡ್ ಇದೆಯಾ, ಹಿಡಿದುಕೊಳ್ಳಲು ಏನಾದರೂ ಇದೆಯಾ ಅಂತ ನೋಡಿಕೊಳ್ಳಿ.

ಪಕ್ಕದ ಗಾಡಿ, ರಾತ್ರಿಯ ಸದ್ದು, ಆಮೆ

ಹೊರದೇಶದ ಕ್ಯಾರವಾನ್ ಪಾರ್ಕ್‌ಗಳಲ್ಲಿ ಎರಡು ಗಾಡಿಗಳ ನಡುವೆ 6 ಮೀಟರ್ ಬಿಡಬೇಕು ಅನ್ನುವ ರೂಢಿ ಇದೆ. ಮಾತು ಕೇಳಿಸದಿರಲಿ ಅಂತಲ್ಲ, ಬೆಂಕಿ ಹಾರದಿರಲಿ ಅಂತ. ಕ್ಯಾರವಾನಿನ ಒಳಗೆಲ್ಲ ಪ್ಲೈವುಡ್, ಫೋಮು, ಪರದೆ, ಜೊತೆಗೆ ಗ್ಯಾಸ್ ಸಿಲಿಂಡರ್. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಅದಕ್ಕೆ ನಿಮ್ಮ ಗಾಡಿಯ ನೆಲದಲ್ಲಿರುವ ಗಾಳಿಕಿಂಡಿಯನ್ನು ತಂಪು ಗಾಳಿ ಬರುತ್ತೆ ಅಂತ ಬಟ್ಟೆ ತುರುಕಿ ಮುಚ್ಚಬೇಡಿ. ನಮ್ಮಲ್ಲಿ ಹಬ್ಬ, ರಜೆ ಬಂದರೆ 6 ಮೀಟರ್ ಜಾಗದಲ್ಲಿ ಎರಡು ಗಾಡಿ ತೂರಿಸುತ್ತಾರೆ. ಕನಿಷ್ಠ ಎರಡು ಬಾಗಿಲೂ ಪೂರ್ತಿ ತೆರೆದು ನಡುವೆ ಓಡಿಹೋಗುವಷ್ಟು ಜಾಗ ಇರಲಿ. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಲ್ಲಿದೆಯಾ ನೋಡಿ.

ಸದ್ದಿನ ವಿಷಯಕ್ಕೆ, ಹಗಲು ಹೋಗಿ ನೋಡಿದರೆ ಗೊತ್ತಾಗಲ್ಲ. ಅಂಜುಣ, ವಾಗಾತೋರ್ ಕಡೆ ಹೋಗುವವರಿಗೆ ಸದ್ದೇ ಬೇಕಿರುತ್ತದೆ, ಅದು ಬೇರೆ. ಮಕ್ಕಳಿದ್ದವರು ಕಾಣಕೋಣ, ಕೇಪೆ, ಸಾಂಗೇ ಕಡೆ ನೋಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕಬಾರದು ಅಂತ ದೇಶದ ಕಾನೂನೇ ಇದೆ. ಜನರೇಟರಿಗೂ ಅದೇ ಹೊತ್ತು ಪಾಲಿಸುವ ಜಾಗ ಸಿಕ್ಕರೆ ಬಿಡಬೇಡಿ.

ಬೆಳಕು ಜಾಸ್ತಿ ಇದ್ದರೆ ಭದ್ರ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅಗೊಂದ, ಗಾಲ್ಜಿಬಾಗ್, ಮೋರ್ಜಿ, ಮಾಂದ್ರೆ ಕಡಲತೀರಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ಸುಮಾರು ಒಂದೂವರೆ ತಿಂಗಳಿಗೆ ಮರಿ ಹೊರಬರುತ್ತದೆ. ಮರಿಗಳು ನೀರಿನ ಮೇಲಿನ ಮಂದ ಬೆಳಕು ನೋಡಿಕೊಂಡು ಸಮುದ್ರಕ್ಕೆ ಹೋಗುವುದು. ದಡದಲ್ಲಿ ಫೋಕಸ್ ಲೈಟ್ ಉರಿದರೆ ಅವು ಆ ಕಡೆ ತಿರುಗಿ ರಸ್ತೆಗೆ ಬಂದು ಸಾಯುತ್ತವೆ. ಆ ಊರುಗಳಲ್ಲಿ ಸಮುದ್ರದ ಕಡೆ ದೀಪ ಬೀಳದ ಹಾಗೆ, ಮೊಣಕಾಲೆತ್ತರದ ದೀಪ ಹಾಕಿದ ಪಾರ್ಕ್ ಇದ್ದರೆ ಅದರ ಮಾಲೀಕರಿಗೆ ಉಳಿದದ್ದೂ ಗೊತ್ತಿರುತ್ತದೆ ಅಂತ ನನ್ನ ಅಂದಾಜು. ಇಲ್ಲಿವರೆಗೆ ಅಂದಾಜು ತಪ್ಪಿಲ್ಲ. ನಿಮ್ಮ ಕಿಟಕಿಯ ಪರದೆಯನ್ನೂ ಎಳೆದುಕೊಳ್ಳಿ.

ಹತ್ತಿರ ಏನಿದೆ

ಬೆಳಿಗ್ಗೆ ಪಂಪ್ ಪಂಪ್ ಅಂತ ರಬ್ಬರ್ ಹಾರ್ನ್ ಒತ್ತುತ್ತಾ ಸೈಕಲ್ ಮೇಲೆ ಪೊದೇರ್, ಅಂದರೆ ಬ್ರೆಡ್ ಮಾರುವವರು, ಬರುತ್ತಾರೆ. ಬುಟ್ಟಿಯಲ್ಲಿ ಬಿಸಿ ಪಾವ್, ಹೊಟ್ಟು ಹಚ್ಚಿದ ಪೊಯಿ. ಅವರು ಬರುವಷ್ಟು ಹತ್ತಿರ ಮನೆಗಳಿದ್ದರೆ ಆ ಜಾಗ ನನಗೆ ಇಷ್ಟ. ಅವ್ವ ಪೊಯಿಗೆ ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ತಿಂದು "ರೊಟ್ಟಿ ಬಡಿಯೂದು ತಪ್ಪಿತು" ಅನ್ನುತ್ತಾಳೆ. ಮನೆಗಳಿವೆ ಅಂದರೆ ಕಷ್ಟಕ್ಕೆ ಕೂಗಿದರೆ ಕೇಳುವವರಿದ್ದಾರೆ ಅಂತಲೂ ಅರ್ಥ.

ದೊಡ್ಡ ಆಸ್ಪತ್ರೆ ಎಷ್ಟು ದೂರ ಅಂತ ನೋಡಿಕೊಳ್ಳಿ. ದಕ್ಷಿಣಕ್ಕೆ ಮಡಗಾಂವ್‌ನ ಜಿಲ್ಲಾ ಆಸ್ಪತ್ರೆ, ಇಡೀ ರಾಜ್ಯಕ್ಕೆ ಬಾಂಬೋಳಿಯ ಮೆಡಿಕಲ್ ಕಾಲೇಜು. ಕಾಣಕೋಣದಿಂದ ಮಡಗಾಂವ್‌ಗೆ ಸುಮಾರು 40 ಕಿ.ಮೀ. ಆಂಬುಲೆನ್ಸ್ ಬೇಕಾದರೆ 108. ಅವರಿಗೆ ಹೇಳಲು ವಿಳಾಸ, ಹತ್ತಿರದ ಚರ್ಚೋ ಗುಡಿಯೋ ಏನಾದರೂ ಗುರುತು, ಹೋದ ದಿನವೇ ಬರೆದು ಗಾಡಿಯ ಬಾಗಿಲ ಒಳಗೆ ಅಂಟಿಸಿ.

ದುಡ್ಡಿನ ಮಾತು ಕೊನೆಗೆ ಆಡಿ, ಆದರೆ ಬಿಡಿಸಿ ಆಡಿ. ಕರೆಂಟ್ ಸೇರಿದೆಯಾ, ಯೂನಿಟ್ ಲೆಕ್ಕವಾ? ಒಂದು ಟನ್ ಎಸಿ ರಾತ್ರಿ ಎಂಟು ಗಂಟೆ ಓಡಿದರೂ ಹತ್ತು ಯೂನಿಟ್ ಒಳಗೇ. ಅದಕ್ಕೆ ಬೇರೆ ದೊಡ್ಡ ಮೊತ್ತ ಕೇಳಿದರೆ ಈ ಲೆಕ್ಕ ಹೇಳಿ, ಇಳಿಯುತ್ತಾರೆ.

ಜಾಗ ಇದ್ದವರಿಗೆ

ಇಲ್ಲೇ ಗೋವಾದಲ್ಲಿ ನೆಲೆಸಿದ ನಮ್ಮವರು ಕೆಲವರು "ನಮ್ಮದೂ ಅರ್ಧ ಎಕರೆ ಐತಿ, ಮಾಡಬೌದಾ?" ಅಂತ ಕೇಳುತ್ತಾರೆ. ಮಾಡಬಹುದು. ಸಮುದ್ರದ ಭರತಗೆರೆಯಿಂದ (ಭರತದ ನೀರು ಮುಟ್ಟುವ ಕೊನೆಯ ಗೆರೆ) 500 ಮೀಟರ್ ಒಳಗಿದ್ದರೆ ಮೊದಲು ಕರಾವಳಿ ನಿಯಂತ್ರಣ ವಲಯದ ನಿಯಮ ನೋಡಿ, ಪಂಚಾಯಿತಿಗೆ ಹೋಗಿ, ಆಮೇಲೆ ಜೆಸಿಬಿ ಕರೆಸಿ. ಇಪ್ಪತ್ತು ಗಾಡಿಯ ಆಸೆ ಬೇಡ, ನಾಲ್ಕರಿಂದ ಶುರುಮಾಡಿ. ಇರುವ ದುಡ್ಡನ್ನು ಅರ್ಥಿಂಗ್, ಸೆಪ್ಟಿಕ್ ಟ್ಯಾಂಕ್, ಜಲ್ಲಿ, ಈ ಮೂರಕ್ಕೆ ಹಾಕಿ. ಬಣ್ಣದ ದೀಪ, ಜೋಲಿ ಎರಡನೆಯ ವರ್ಷಕ್ಕೆ. ಗಾಡಿ ಒಳಗೆ ಬಂದು, ಹಿಂದೆ ಹೋಗದೆ ಇನ್ನೊಂದು ಕಡೆಯಿಂದ ಹೊರಗೆ ಹೋಗುವ ಹಾಗೆ ದಾರಿ ಬಿಟ್ಟರೆ ಡ್ರೈವರ್‌ಗಳು ನಿಮ್ಮ ಹೆಸರು ನಾಲ್ಕು ಕಡೆ ಹೇಳುತ್ತಾರೆ.

ಹೊರಡುವಾಗ

ಗ್ಯಾಸ್ ಬಂದ್, ಮೇಲಿನ ಕಿಟಕಿ ಬಂದ್, ಮೆಟ್ಟಿಲು ಒಳಗೆ, ನೀರಿನ ಪೈಪ್ ಬಿಚ್ಚಿದ್ದು, ಪ್ಲಗ್ ಕಿತ್ತದ್ದು. ಸಮುದ್ರದ ಉಪ್ಪುಗಾಳಿಗೆ ತಳ ತುಕ್ಕು ಹಿಡಿಯುತ್ತದೆ, ಸಿಹಿನೀರು ಇದ್ದರೆ ಕೆಳಗೆಲ್ಲ ಒಮ್ಮೆ ಪೈಪ್ ಹಿಡಿದು ಹೊರಡಿ. ಇದೆಲ್ಲ ನೆನಪಿರುತ್ತದೆ ಅಂತ ನಂಬಬೇಡಿ. ಆ ಗದಗದ ಕಾವಲಿನವರು ಇನ್ನೊಂದು ಸಲವೂ ನಮ್ಮನ್ನು ಉಳಿಸಿದರು. ನಾವು ಹಾರ್ನ್ ಹೊಡೆದು, ಟಾಟಾ ಮಾಡಿ, ಗೇಟಿನ ಕಡೆ ಹೊರಟಿದ್ದೆವು. ಅವರು ಹಿಂದಿನಿಂದ ಗಾಡಿಯ ಮೈ ಬಡಿಯುತ್ತಾ ಓಡಿಬಂದರು. "ಅಣ್ಣಾರ, ವೈರ್ ಐತ್ರೀ, ವೈರ್!" ಇನ್ನೆರಡು ಮಾರು ಹೋಗಿದ್ದರೆ ಅವರ ಕಂಬ ನಮ್ಮ ಜೊತೆ ವಾಸ್ಕೋಗೆ ಬರುತ್ತಿತ್ತು. ಈಗ ಪ್ಲಗ್ ಚುಚ್ಚಿದ ಕೂಡಲೇ ಅವ್ವ ತನ್ನ ಹಳೆ ಸೀರೆಯ ಕೆಂಪು ಅಂಚಿನ ತುಂಡೊಂದನ್ನು ಸ್ಟೇರಿಂಗಿಗೆ ಕಟ್ಟುತ್ತಾಳೆ. ಅದನ್ನು ಬಿಚ್ಚುವುದೂ ಅವಳೇ, ಗಾಡಿಗೆ ಒಂದು ಸುತ್ತು ಬಂದ ಮೇಲೆ.